ಪಿಸಿಒಎಸ್ ಇದ್ದಾಗ ಎರಡನೇ ಮಗುವಿಗೆ ತಯಾರಿ: ಹಳೆಯ ಫೈಲಿನಿಂದ ಮೊದಲ ಸ್ಕ್ಯಾನಿನವರೆಗೆ

ಒಂದು ಕೂಸು ಆಗಿದೆ ಎಂದ ಮೇಲೆ ಇನ್ನೊಂದು ತಾನಾಗಿಯೇ ಆಗುತ್ತದೆ ಎಂದು ಮನೆಯವರೆಲ್ಲ ತಿಳಿದಿರುತ್ತಾರೆ. ಪಿಸಿಒಎಸ್ ಇರುವವರಿಗೆ, ಅಂದರೆ ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ, ನಮ್ಮ ಕಡೆ ಎಲ್ಲರೂ ಪಿಸಿಒಡಿ ಎನ್ನುವ ತೊಂದರೆ ಇರುವವರಿಗೆ, ಈ ಲೆಕ್ಕ ಎರಡೂ ಕಡೆಯಿಂದ ತಪ್ಪುತ್ತದೆ. ಚೊಚ್ಚಲಿಗೆ ವರ್ಷಗಟ್ಟಲೆ ಗುಳಗಿ ನುಂಗಿದವರು ಎರಡನೆಯದಕ್ಕೆ ಯಾವ ಔಷಧವೂ ಇಲ್ಲದೆ ಬಸುರಾಗುವುದುಂಟು. ಮೂವತ್ತು ದಾಟಿದಂತೆ ಅಂಡಾಶಯದಲ್ಲಿನ ಸಣ್ಣ ಕೋಶಕಗಳ ಸಂಖ್ಯೆ ಇಳಿದು ಕೆಲವರ ಮುಟ್ಟು ಹದಕ್ಕೆ ಬರುತ್ತದೆ. ಮದುವೆಯಾದ ವರ್ಷವೇ ಹೆತ್ತವರು ಎರಡನೆಯದಕ್ಕೆ ಮೂರು ವರ್ಷ ಕಾಯುವುದೂ ಉಂಟು. ನಡುವೆ ತೂಕ ಏರಿರುತ್ತದೆ, ಸಿಸೇರಿಯನ್ ಆಗಿರುತ್ತದೆ, ಗಂಡನ ಆರೋಗ್ಯ ಮೊದಲಿನಂತೆ ಇರುವುದಿಲ್ಲ. ಆದ್ದರಿಂದ ಹಳೆಯ ಚೀಟಿಯ ಫೋಟೋ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ಅದೇ ಗುಳಗಿ ತಂದುಕೊಳ್ಳಬೇಡಿ.

ಹಳೆಯ ಫೈಲು ತೆಗೆಯಿರಿ

ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಮೊದಲ ಸಲದ ಫಾಲಿಕಲ್ ಸ್ಕ್ಯಾನ್ (ಅಂಡದ ಕೋಶಕ ಎಷ್ಟು ಬೆಳೆದಿದೆ ಎಂದು ನೋಡುವ ಸ್ಕ್ಯಾನ್) ರಿಪೋರ್ಟ್, ಇವನ್ನೆಲ್ಲ ಒಂದೆಡೆ ಸೇರಿಸಿ. ಡಾಕ್ಟರಿಗೆ ಬೇಕಾದ ಅರ್ಧ ಉತ್ತರ ಇದರಲ್ಲೇ ಇರುತ್ತದೆ: ಹೆರಿಗೆ ಸಹಜವೋ ಸಿಸೇರಿಯನ್ನೋ, ಆ ಬಸಿರಿನಲ್ಲಿ ಸಕ್ಕರೆ ಅಥವಾ ಬಿಪಿ ಏರಿತ್ತೇ, ಯಾವ ಗುಳಗಿಯ ಎಷ್ಟು ಡೋಸಿಗೆ ಅಂಡ ಬಿಡುಗಡೆಯಾಗಿತ್ತು, ನಿಮ್ಮ ರಕ್ತದ ಗುಂಪು ಯಾವುದು. ಗುಂಪು ನೆಗೆಟಿವ್ ಇದ್ದು ಕೂಸಿನದು ಪಾಸಿಟಿವ್ ಇದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಿತ್ತೇ ಎಂದು ಹುಡುಕಿ. ಅದು ತಪ್ಪಿದ್ದರೆ ತೊಂದರೆ ಬರುವುದು ಎರಡನೇ ಕೂಸಿಗೆ. ಇನ್‌ಡೈರೆಕ್ಟ್ ಕೂಂಬ್ಸ್ ಎಂಬ ರಕ್ತಪರೀಕ್ಷೆಯನ್ನು ಈಗಲೇ ಮಾಡಿಸಬೇಕು.

ಒಂದು ಹೆರಿಗೆಯಾದ ಮೇಲೆ ಮತ್ತೆ ಬಸುರಾಗಲು ಕನಿಷ್ಠ 24 ತಿಂಗಳು ಬಿಡಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಸೇರಿಯನ್ ಆದವರಿಗೆ ಈ ಮಾತು ಇನ್ನೂ ಮುಖ್ಯ. ಗರ್ಭಕೋಶದ ಹೊಲಿಗೆ ಗಟ್ಟಿಯಾಗುವ ಮೊದಲೇ ಮತ್ತೆ ಬಸುರಾದರೆ ಹೆರಿಗೆಯಲ್ಲಿ ಅದು ಬಿಚ್ಚಿಕೊಳ್ಳುವ ಅಪಾಯ ಹೆಚ್ಚು. ವಯಸ್ಸು 35 ದಾಟಿದ್ದರೆ ಅಂತರವನ್ನು ಸ್ವಲ್ಪ ಕಡಿಮೆ ಮಾಡಬಹುದೇ ಎಂಬುದನ್ನು ಡಾಕ್ಟರ ಜೊತೆ ಕೂತು ಮಾತಾಡಿ.

ನಡುವೆ ಬಳಸಿದ ಸಾಧನ ಯಾವುದು?

ಇಲ್ಲಿ ಬಹಳ ಜನ ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ. ಸರಕಾರಿ ದವಾಖಾನೆಗಳಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಕೊನೆಯ ಸೂಜಿಯಾದ ಮೇಲೆ ಅಂಡ ಬಿಡುಗಡೆ ಮೊದಲಿನಂತಾಗಲು 7ರಿಂದ 10 ತಿಂಗಳು ಹಿಡಿಯಬಹುದು. ಅಷ್ಟು ದಿನ ಮುಟ್ಟು ಬಾರದಿದ್ದರೆ ಅದೆಲ್ಲ ಪಿಸಿಒಎಸ್‌ನ ಆಟವಲ್ಲ. ಮುಂದಿನ ವರ್ಷ ಕೂಸು ಬೇಕೆಂದಿದ್ದರೆ ಈ ವರ್ಷವೇ ಸೂಜಿ ನಿಲ್ಲಿಸಿ ಕಾಂಡೋಮ್‌ಗೆ ಬದಲಾಯಿಸಿಕೊಳ್ಳಿ.

ಕಾಪರ್-ಟಿ ತೆಗೆಸಿದ ತಿಂಗಳಿಂದಲೇ ಬಸಿರು ನಿಲ್ಲಬಹುದು. ಆದರೆ ಮೊದಲು ಅದು ಒಳಗಿದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಿ. ಹೆರಿಗೆಯಾದ ಕೂಡಲೇ, ಸಿಸೇರಿಯನ್ ಮಾಡುವಾಗಲೇ ಕಾಪರ್-ಟಿ ಹಾಕಿದವರಲ್ಲಿ ದಾರ ಹೊರಗೆ ಕಾಣದೆ ಹೋಗುತ್ತದೆ. ‘ಬಿದ್ದುಹೋಗಿರಬೇಕು’ ಎಂದು ಸುಮ್ಮನಾಗಬೇಡಿ, ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ.

ಕೂಸು ಇನ್ನೂ ಎದೆಹಾಲು ಕುಡಿಯುತ್ತಿದ್ದರೆ, ಅದರಲ್ಲೂ ರಾತ್ರಿ ಎರಡು ಮೂರು ಸಲ ಕುಡಿಯುತ್ತಿದ್ದರೆ, ಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಏರಿಯೇ ಇರುತ್ತದೆ, ಅಂಡ ಬಿಡುಗಡೆ ತಡೆಯುತ್ತದೆ. ಅಂಡ ಬಿಡಿಸುವ ಲೆಟ್ರೊಜೋಲ್ ಗುಳಗಿಯನ್ನೂ ಹಾಲೂಡಿಸುವಾಗ ಕೊಡುವುದಿಲ್ಲ. ಮೊದಲು ರಾತ್ರಿಯ ಹಾಲು, ಆಮೇಲೆ ಹಗಲಿನದು, ಹೀಗೆ ಒಂದೆರಡು ತಿಂಗಳಲ್ಲಿ ಬಿಡಿಸಿ.

ಇದು ಪಿಸಿಒಎಸ್ ಹೌದೇ ಎಂದು ಮತ್ತೊಮ್ಮೆ ನೋಡಿ

ಸ್ಕ್ಯಾನ್ ರಿಪೋರ್ಟಿನಲ್ಲಿ ‘ಪಾಲಿಸಿಸ್ಟಿಕ್’ ಎಂದು ಬರೆದಿದ್ದರೆ ಮಾತ್ರ ಸಾಲದು. ಮುಟ್ಟು ತಪ್ಪುವುದು (35 ದಿನಕ್ಕಿಂತ ಹೆಚ್ಚು ಅಂತರ, ಅಥವಾ ವರ್ಷಕ್ಕೆ 8ಕ್ಕಿಂತ ಕಡಿಮೆ ಮುಟ್ಟು), ಗಂಡು ಹಾರ್ಮೋನು ಹೆಚ್ಚಿರುವ ಗುರುತು, ಅಂದರೆ ಗದ್ದದ ಮೇಲೆ ದಪ್ಪ ಕೂದಲು, ಹೋಗದ ಮೊಡವೆ ಅಥವಾ ರಕ್ತಪರೀಕ್ಷೆಯ ಅಂಕಿ, ಸ್ಕ್ಯಾನಿನ ಚಿತ್ರ. ಈ ಮೂರರಲ್ಲಿ ಎರಡಿರಬೇಕು, ಬೇರೆ ಕಾರಣ ಇರಬಾರದು. 2003ರ ರಾಟರ್‌ಡ್ಯಾಮ್ ಮಾನದಂಡ ಇದೇ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಸ್ಕ್ಯಾನಿನ ಬದಲು ಎಎಂಎಚ್ (ಅಂಡಾಶಯದ ಸಣ್ಣ ಕೋಶಕಗಳ ಅಂದಾಜು ಕೊಡುವ ಹಾರ್ಮೋನು) ರಕ್ತಪರೀಕ್ಷೆಯೂ ನಡೆದೀತು ಎನ್ನುತ್ತದೆ.

ಹೆರಿಗೆಯಾದ ಮೇಲಂತೂ ಬೇರೆ ಕಾರಣಗಳೇ ಜಾಸ್ತಿ. ಹೆತ್ತ ವರ್ಷದೊಳಗೆ ಥೈರಾಯ್ಡ್ ಕೆಡುವುದು ಸಾಮಾನ್ಯ. ಕಸ (ಮಾಸು) ಉಳಿದು ಗರ್ಭಕೋಶ ಸ್ವಚ್ಛ ಮಾಡಿಸಿಕೊಂಡವರಿಗೆ ಆಮೇಲೆ ಮುಟ್ಟು ಒಂದೆರಡು ಹನಿಗೆ ಇಳಿದಿದ್ದರೆ ಒಳಗಿನ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುವ ಅನುಮಾನವಿದೆ, ಅದಕ್ಕೆ ಹಿಸ್ಟರೋಸ್ಕೋಪಿ (ಗರ್ಭಕೋಶದೊಳಗೆ ಕ್ಯಾಮೆರಾ ಇಟ್ಟು ನೋಡುವುದು) ಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಎದೆಹಾಲೇ ಬರದೆ, ಮುಟ್ಟೂ ನಿಂತಿದ್ದರೆ ಮೆದುಳಿನ ಬುಡದಲ್ಲಿ ಹಾರ್ಮೋನು ತಯಾರಿಸುವ ಪಿಟ್ಯೂಟರಿ ಗ್ರಂಥಿಗೆ ಪೆಟ್ಟು ಬಿದ್ದಿರಬಹುದು. ಸಿಸೇರಿಯನ್ ಆದವರಿಗೆ ಮುಟ್ಟು ಮುಗಿದ ಮೇಲೂ ನಾಲ್ಕೈದು ದಿನ ಕಂದು ಬಣ್ಣದ ಕಲೆ ಕಾಣುತ್ತಿದ್ದರೆ ಹೊಲಿಗೆ ಬಿದ್ದಲ್ಲಿ ಸಣ್ಣ ಗುಳಿ ಉಳಿದಿರಬಹುದು. ಈ ಯಾವುದಕ್ಕೂ ಪಿಸಿಒಎಸ್ ಗುಳಗಿ ಉಪಯೋಗವಿಲ್ಲ.

ಮೂರು ತಿಂಗಳ ಮುಂಚೆ: ಇಬ್ಬರ ಪರೀಕ್ಷೆ

ಹೆಂಡತಿಗೆ ಹಿಮೋಗ್ಲೋಬಿನ್ (12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ), ಟಿಎಸ್‌ಎಚ್ (ಥೈರಾಯ್ಡ್), ಪ್ರೊಲ್ಯಾಕ್ಟಿನ್, ಬಿಪಿ ಮತ್ತು 75 ಗ್ರಾಂ ಗ್ಲೂಕೋಸ್ ಪರೀಕ್ಷೆ. ಕೊನೆಯದನ್ನು ಬಿಡಬೇಡಿ. ಬರಿಹೊಟ್ಟೆಯ ಸಕ್ಕರೆ ಸರಿಯಾಗಿದ್ದೂ ಗ್ಲೂಕೋಸ್ ಕುಡಿದ ಎರಡು ತಾಸಿಗೆ 140 ದಾಟುವವರು ಪಿಸಿಒಎಸ್‌ನಲ್ಲಿ ಬಹಳ. 200 ಮುಟ್ಟಿದರೆ ಅದು ಸಕ್ಕರೆ ಕಾಯಿಲೆ. ಹಾಗಿದ್ದಾಗ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 6.5ರ ಕೆಳಗೆ ಬರುವ ತನಕ ಬಸುರಾಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಕೂಸಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿಕೊಂಡು ಒಂದು ತಿಂಗಳು ತಡೆಯಿರಿ. ಸೋದರಮಾವ, ಅತ್ತೆಯ ಮಗ ಹೀಗೆ ರಕ್ತಸಂಬಂಧದಲ್ಲೇ ಮದುವೆಯಾಗಿದ್ದರೆ ಥಲಸೀಮಿಯಾ (ವಂಶದಲ್ಲಿ ಬರುವ ರಕ್ತದ ಕಾಯಿಲೆ) ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮೊದಲ ಕೂಸು ಚೆನ್ನಾಗಿದೆ ಎಂಬುದು ಎರಡನೆಯದಕ್ಕೆ ಖಾತ್ರಿ ಅಲ್ಲ.

ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಿನಿಂದಲೇ ಶುರು. ಸಕ್ಕರೆ ಕಾಯಿಲೆ, ಫಿಟ್ಸ್ ಔಷಧ, ಹಿಂದೆ ಬೆನ್ನುಹುರಿಯ ದೋಷವಿದ್ದ ಕೂಸು ಇದ್ದವರಿಗೆ 5 ಮಿ.ಗ್ರಾಂ. ಕೂದಲಿಗೆಂದು ಸ್ಪೈರೊನೊಲ್ಯಾಕ್ಟೋನ್, ಮೊಡವೆಗೆಂದು ಐಸೊಟ್ರೆಟಿನೊಯಿನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಿ ಮೊದಲೇ ನಿಲ್ಲಿಸಬೇಕು; ಐಸೊಟ್ರೆಟಿನೊಯಿನ್ ನಿಲ್ಲಿಸಿ ಕನಿಷ್ಠ ಒಂದು ತಿಂಗಳಾಗಿರಬೇಕು. ಬಿಪಿ, ಕೊಲೆಸ್ಟ್ರಾಲ್ ಮತ್ತು ಫಿಟ್ಸ್ ಗುಳಗಿಗಳ ಬಗ್ಗೆಯೂ ಕೇಳಿ, ಆದರೆ ನೀವಾಗಿಯೇ ಬಿಡಬೇಡಿ.

ಗಂಡನ ವೀರ್ಯ ಪರೀಕ್ಷೆ ಮೊದಲ ವಾರವೇ ಆಗಲಿ. ‘ನನಗೊಂದು ಮಗ ಇದಾನಲ್ಲ’ ಎನ್ನುವ ಉತ್ತರ ಲ್ಯಾಬಿನಲ್ಲಿ ನಡೆಯುವುದಿಲ್ಲ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಸುಮಾರು ಬೇಕು. ಕಳೆದ ಮೂರು ತಿಂಗಳ ಗುಟ್ಕಾ, ಸಿಗರೇಟು, ಸೆರೆ, ಜ್ವರ, ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದಿನ ಕಾವು, ದ್ರಾಕ್ಷಿ ತೋಟಕ್ಕೆ ಮುಖವಸ್ತ್ರವಿಲ್ಲದೆ ಹೊಡೆದ ಎಣ್ಣೆ (ಕೀಟನಾಶಕ) ಎಲ್ಲವೂ ಇವತ್ತಿನ ರಿಪೋರ್ಟಿನಲ್ಲಿ ಕಾಣಬಹುದು. 2ರಿಂದ 7 ದಿನ ಸಂಬಂಧ ಬಿಟ್ಟಿರಬೇಕು. ಸ್ಯಾಂಪಲ್ಲನ್ನು ಮನೆಯಿಂದ ತರುವುದಾದರೆ ಒಂದು ತಾಸಿನೊಳಗೆ, ಮೈಯ ಬೆಚ್ಚಗೆಯಲ್ಲೇ ಇಟ್ಟು ತರಬೇಕು. ಇಂಡಿಯಿಂದ ವಿಜಯಪುರಕ್ಕೆ, ಅಥಣಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಇದು ಆಗದ ಮಾತು, ಲ್ಯಾಬಿನಲ್ಲೇ ಕೊಡಿ. 2021ರ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಪ್ರಕಾರ ಕೆಳಮಿತಿ ಹೀಗಿದೆ: ಪ್ರಮಾಣ 1.4 ಎಂ.ಎಲ್., ಒಂದು ಎಂ.ಎಲ್.ಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಚಲನೆ ಇರುವವು ಶೇ. 42, ಸರಿಯಾದ ಆಕಾರದವು ಶೇ. 4. ಶೇ. 4 ನೋಡಿ ಹೆದರುವವರೇ ಹೆಚ್ಚು. ಅದು ಸಾಮಾನ್ಯದ ಕೆಳಮಿತಿಯೇ.

ತೂಕ, ತಾಟು, ಚಹಾ

ಇಡೀ ದೇಹ ಬದಲಾಗಬೇಕಿಲ್ಲ. ತೂಕ ಹೆಚ್ಚಿರುವವರಲ್ಲಿ ಶೇ. 5ರಿಂದ 10 ಇಳಿದರೆ ಬಹಳ ಜನರಿಗೆ ಮುಟ್ಟು ತಾನಾಗಿ ಮರಳುತ್ತದೆ. 70 ಕೆ.ಜಿ. ಇದ್ದವರಿಗೆ ಮೊದಲ ಗುರಿ ಮೂರೂವರೆ ಕೆ.ಜಿ. ತೆಳ್ಳಗಿದ್ದೂ ಪಿಸಿಒಎಸ್ ಇರುವವರು ತೂಕ ಇಳಿಸುವ ಉಸಾಬರಿಗೆ ಹೋಗಬಾರದು.

ನಮ್ಮ ಭಾಗದ ಊಟ ಮೂಲದಲ್ಲಿ ಒಳ್ಳೆಯದೇ. ಬಿಳಿಜೋಳದ ಅಥವಾ ಸಜ್ಜೆಯ ರೊಟ್ಟಿ ಎರಡು, ಮಡಕಿಕಾಳು ಇಲ್ಲವೆ ಹೆಸರುಕಾಳಿನ ಪಲ್ಯ ಒಂದು ಬಟ್ಟಲು ತುಂಬ, ಪುಂಡಿಪಲ್ಯ ಅಥವಾ ಮೆಂತ್ಯೆ, ಹಸಿ ಸೌತೆ ಮೂಲಂಗಿ, ಮೊಸರು, ಅಗಸಿ ಹಿಂಡಿ ಒಂದು ಚಮಚ. ಇಷ್ಟಕ್ಕೆ ಡಯಟ್ ಚಾರ್ಟ್ ಬೇಕಿಲ್ಲ. ಕೆಡುವುದು ಉಳಿದ ಹೊತ್ತಿನಲ್ಲಿ. ದಿನಕ್ಕೆ ಐದು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ದಿನಕ್ಕೆ 40ರಿಂದ 50 ಗ್ರಾಂ ಸಕ್ಕರೆ. ಬೆಲ್ಲದ ಚಹಾ ಆದರೂ ಇನ್ಸುಲಿನ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಂಜೆಯ ಚುರುಮರಿ, ಮಿರ್ಚಿ. ಬಾಣಂತನಕ್ಕೆಂದು ಕಟ್ಟಿದ ಅಂಟಿನುಂಡಿ, ಗೋಕಾಕದ ಕರದಂಟು ಕೂಸಿಗೆ ವರ್ಷವಾದರೂ ಡಬ್ಬಿಯಲ್ಲಿ ತುಂಬಿಯೇ ಇರುತ್ತದೆ. ಇನ್ನೊಂದು, ಸೋಮವಾರ ಒಪ್ಪತ್ತು ಮಾಡಿ ರಾತ್ರಿ ಸಾಬೂದಾಣಿ ಖಿಚಡಿ ತಿನ್ನುವುದು. ಸಾಬೂದಾಣಿ ಎಂದರೆ ಪೂರಾ ಪಿಷ್ಟ. ಉಪವಾಸ ಬಿಡಲಾಗದಿದ್ದರೆ ಶೇಂಗಾ, ಮೊಸರು, ಹಣ್ಣಿನ ಮೇಲೆ ಮಾಡಿ. ಕಬ್ಬಿಣಾಂಶದ ಗುಳಗಿಯನ್ನು ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ನಡುವೆ ಒಂದೆರಡು ತಾಸು ಬಿಡಿ.

ನಡಿಗೆ ವಾರಕ್ಕೆ 150 ನಿಮಿಷ, ತೂಕ ಇಳಿಯಬೇಕಿದ್ದರೆ 250. ಮನೆಗೆಲಸದಲ್ಲಿ ದಣಿವಾಗುತ್ತದೆ, ಆದರೆ ಉಸಿರು ಏರುವುದಿಲ್ಲ.

ಅಂಡ ಬಿಡುವ ದಿನ ಹಿಡಿಯುವುದು

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಹೊರಬರುತ್ತದೆ. ಹದಿನಾಲ್ಕನೇ ದಿನ ಎನ್ನುವುದು 28 ದಿನದ ಚಕ್ರದವರ ಲೆಕ್ಕ. 40 ದಿನದ ಚಕ್ರದವರಿಗೆ ಅದು 26ನೇ ದಿನದ ಆಸುಪಾಸು. ಮೊಬೈಲ್ ಆ್ಯಪ್ ಇದನ್ನು ಊಹಿಸುತ್ತದೆ ಅಷ್ಟೆ. ‘21ನೇ ದಿನದ ಪ್ರೊಜೆಸ್ಟರಾನ್’ ಪರೀಕ್ಷೆಯಲ್ಲೂ ಇದೇ ಎಡವಟ್ಟು: 40 ದಿನದ ಚಕ್ರದಲ್ಲಿ ಅದನ್ನು 33ನೇ ದಿನ ಮಾಡಿಸಬೇಕು. 21ಕ್ಕೆ ಮಾಡಿಸಿ ‘ಅಂಡವೇ ಬಿಟ್ಟಿಲ್ಲ’ ಎಂದು ಅಳುತ್ತಾ ಕೂರುವವರಿದ್ದಾರೆ. ಅಂಕಿ 3 ದಾಟಿದ್ದರೆ ಅಂಡ ಬಿಟ್ಟಿದೆ ಎಂದರ್ಥ.

ಅಂಡೋತ್ಪತ್ತಿ ಕಿಟ್‌ಗಳು ಪಿಸಿಒಎಸ್‌ನಲ್ಲಿ ಮೋಸ ಮಾಡುತ್ತವೆ. ಅವು ಹುಡುಕುವ ಎಲ್‌ಎಚ್ ಹಾರ್ಮೋನು ಮೊದಲಿಂದಲೇ ಹೆಚ್ಚಿರುವವರಿಗೆ ದಿನಾಲೂ ಪಾಸಿಟಿವ್ ತೋರಿಸುತ್ತದೆ. ಅದಕ್ಕಿಂತ ಬಿಳಿಮುಟ್ಟನ್ನು ಗಮನಿಸುವುದು ನಂಬಿಗಸ್ತ: ಬೆರಳ ನಡುವೆ ಹಿಡಿದರೆ ಬೆಂಡೆಕಾಯಿಯ ಲೋಳೆಯಂತೆ ಪಾರದರ್ಶಕವಾಗಿ ಎಳೆ ಬಂದರೆ ಅಂಡ ಹೊರಬರುವ ಹೊತ್ತು ಹತ್ತಿರವಿದೆ. ವೀರ್ಯಾಣು ಒಳಗೆ 5 ದಿನದವರೆಗೆ ಬದುಕುತ್ತದೆ, ಅಂಡ ಹೊರಬಂದ ಮೇಲೆ ಒಂದೇ ದಿನ. ಆದ್ದರಿಂದ ಅಂಡದ ಹಿಂದಿನ ದಿನಗಳೇ ಮುಖ್ಯ. ಚಕ್ರ ಹದವಿಲ್ಲದವರಿಗೆ ಸುಲಭದ ದಾರಿ ಮುಟ್ಟು ಮುಗಿದಾಗಿನಿಂದ ಎರಡು ಮೂರು ದಿನಕ್ಕೊಮ್ಮೆ ಸೇರುವುದು.

ಇದು ಹೇಳಿದಷ್ಟು ಸುಲಭವಲ್ಲ. ಗಂಡ ಗೋವಾದಲ್ಲೋ ಪುಣೆಯಲ್ಲೋ ದುಡಿಯುತ್ತಾ ತಿಂಗಳಿಗೊಮ್ಮೆ ಬಂದು ಹೋಗುವ ಮನೆಗಳು ವಿಜಯಪುರ, ಬಾಗಲಕೋಟೆ ಕಡೆ ಬಹಳ. ಪಂಚಮಿಗೆ ತವರಿಗೆ ಹೋದವರು ಹದಿನೈದು ದಿನ ಅಲ್ಲೇ. ‘ವರ್ಷದಿಂದ ಪ್ರಯತ್ನ ನಡೆದಿದೆ’ ಎನ್ನುವವರ ಕ್ಯಾಲೆಂಡರ್ ಹರಡಿ ನೋಡಿದರೆ ಸರಿಯಾದ ದಿನಕ್ಕೆ ಜೊತೆಗಿದ್ದದ್ದು ಎರಡೋ ಮೂರೋ ತಿಂಗಳು ಇರಬಹುದು. ಚಿಕಿತ್ಸೆಯ ತಿಂಗಳುಗಳನ್ನು ಗಂಡನ ರಜೆಗೆ ಹೊಂದಿಸಿಯೇ ಶುರು ಮಾಡಿ.

ಜಾತ್ರೆ, ಪೂಜೆ, ಮದುವೆಗೆಂದು ಮುಟ್ಟು ಮುಂದೂಡುವ ಗುಳಗಿಯನ್ನು ಈ ದಿನಗಳಲ್ಲಿ ಮುಟ್ಟಬೇಡಿ. ಇಡೀ ತಿಂಗಳ ಲೆಕ್ಕ ಹಾಳಾಗುತ್ತದೆ. ಮುಟ್ಟು ಬರಿಸುವ ಗುಳಗಿಯ ಮೊದಲು ಮೂತ್ರ ಪರೀಕ್ಷೆ ಕಡ್ಡಾಯ. ಆದರೆ 90 ದಿನ ದಾಟಿಯೂ ಮುಟ್ಟು ಬಾರದಿದ್ದರೆ ಸುಮ್ಮನಿರಬಾರದು, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ.

ಯಾವಾಗ ಡಾಕ್ಟರ ಹತ್ತಿರ? 35ರೊಳಗಿನವರು ವರ್ಷ ಕಾಯಲಿ, 35 ದಾಟಿದವರು ಆರು ತಿಂಗಳು ಎನ್ನುವ ನಿಯಮ ಮುಟ್ಟು ಹದವಾಗಿರುವವರಿಗೆ. ವರ್ಷಕ್ಕೆ ನಾಲ್ಕೈದು ಸಲ ಮುಟ್ಟಾಗುವವರು ಅಂತರದ ಅವಧಿ ಮುಗಿದ ಕೂಡಲೇ ಹೋಗಿ.

ಗುಳಗಿಯ ಹಂತ

ಇಂದು ಮೊದಲ ಆಯ್ಕೆ ಲೆಟ್ರೊಜೋಲ್. 2014ರಲ್ಲಿ ಪ್ರಕಟವಾದ, 750 ಮಹಿಳೆಯರ ಅಮೆರಿಕದ ಅಧ್ಯಯನದಲ್ಲಿ ಐದು ಚಕ್ರಗಳೊಳಗೆ ಕೂಸು ಹೆತ್ತವರು ಲೆಟ್ರೊಜೋಲ್ ಗುಂಪಿನಲ್ಲಿ ಶೇ. 27.5, ಹಳೆಯ ಕ್ಲೋಮಿಫೀನ್ ಗುಂಪಿನಲ್ಲಿ ಶೇ. 19.1. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಇದು ಸ್ತನ ಕ್ಯಾನ್ಸರ್ ಔಷಧ ಎಂದು ಬರುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಔಷಧ ಒಂದೇ, ಬಳಕೆ ಬೇರೆ. ಭಾರತದಲ್ಲಿ 2011ರಲ್ಲಿ ಬಂಜೆತನಕ್ಕೆ ಇದರ ಬಳಕೆಯನ್ನು ನಿಷೇಧಿಸಿದ್ದೂ ನಿಜ, 2017ರಲ್ಲಿ ಆ ನಿಷೇಧ ತೆಗೆದದ್ದೂ ನಿಜ.

ಕ್ರಮ ಹೀಗಿರುತ್ತದೆ. ಮೊದಲು ಬಸಿರಿಲ್ಲ ಎಂದು ಖಾತ್ರಿ. ಕಲೆ ಕಂಡ ದಿನವಲ್ಲ, ಸರಿಯಾಗಿ ಮುಟ್ಟು ಹರಿದ ದಿನ ಒಂದನೇ ದಿನ. ಎರಡನೇ ಅಥವಾ ಮೂರನೇ ದಿನದಿಂದ 2.5 ಮಿ.ಗ್ರಾಂ., ಐದು ದಿನ, ದಿನಾ ಒಂದೇ ಹೊತ್ತಿಗೆ. ಹತ್ತನೇ ದಿನದ ಸುಮಾರಿಗೆ ಫಾಲಿಕಲ್ ಸ್ಕ್ಯಾನ್ ಶುರು, ದಿನ ಬಿಟ್ಟು ದಿನ. ಒಂದು ಕೋಶಕ 18ರಿಂದ 20 ಮಿ.ಮೀ. ಬೆಳೆದು ಒಳಪದರ 7 ಮಿ.ಮೀ. ದಾಟಿದರೆ ತಯಾರಾಗಿದೆ ಎಂದರ್ಥ. ಬೆಳೆಯದಿದ್ದರೆ ಮುಂದಿನ ಚಕ್ರಕ್ಕೆ 5, ಆಮೇಲೆ 7.5 ಮಿ.ಗ್ರಾಂ. ಮೂರು ನಾಲ್ಕು ಕೋಶಕಗಳು ಒಟ್ಟಿಗೆ ದೊಡ್ಡವಾದರೆ ಆ ತಿಂಗಳು ಬಿಟ್ಟುಬಿಡುವುದೇ ಜಾಣತನ. ಸಿಸೇರಿಯನ್ ಆದ ಗರ್ಭಕೋಶಕ್ಕೆ ಅವಳಿ ತ್ರಿವಳಿ ಭಾರ ಬೇಡ. ಹಳ್ಳಿಯಿಂದ ಬರುವವರು ಸ್ಕ್ಯಾನನ್ನು ತಾಲೂಕಿನಲ್ಲೇ ಮಾಡಿಸಿ ರಿಪೋರ್ಟನ್ನು ವಾಟ್ಸ್‌ಆ್ಯಪ್ ಮಾಡಬಹುದೇ ಎಂದು ಕೇಳಿಕೊಳ್ಳಿ, ಬಸ್ಸಿನ ಓಡಾಟಕ್ಕೇ ಬೇಸತ್ತು ಅರ್ಧಕ್ಕೆ ಬಿಡುವವರು ಬಹಳ.

ಕೋಶಕ ಒಡೆಯಲು 5,000 ಅಥವಾ 10,000 ಯೂನಿಟ್ ಎಚ್‌ಸಿಜಿ ಸೂಜಿ ಕೊಟ್ಟರೆ ಸುಮಾರು 36 ತಾಸಿನ ನಂತರ ಅಂಡ ಹೊರಬರುತ್ತದೆ. ಸೂಜಿ ಹಾಕಿದ ರಾತ್ರಿ ಮತ್ತು ಮುಂದಿನ ಎರಡು ರಾತ್ರಿ ಸೇರಬೇಕು. ಈ ಸೂಜಿಯಾದ ಮೇಲೆ 14 ದಿನ ಮೂತ್ರ ಪರೀಕ್ಷೆ ಮಾಡಬೇಡಿ: ಕಿಟ್ ಹುಡುಕುವುದು ಅದೇ ಹಾರ್ಮೋನನ್ನು, ಎರಡು ಗೆರೆ ಸುಳ್ಳೇ ಬರಬಹುದು.

ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ನೆರವಾಗುವ ಮೆಟ್ಫಾರ್ಮಿನ್ ಗುಳಗಿ ಕೊಟ್ಟರೆ ರಾತ್ರಿ ಊಟದ ಜೊತೆ 500 ಮಿ.ಗ್ರಾಂ.ನಿಂದ ಶುರು ಮಾಡಿ ವಾರ ವಾರ ಏರಿಸುತ್ತಾರೆ. ಮೊದಲ ಎರಡು ವಾರ ಹೊಟ್ಟೆ ಕೆಡುತ್ತದೆ, ಅದಕ್ಕೆ ಹೆದರಿ ಬಿಡುವವರೇ ಹೆಚ್ಚು. ನಿಧಾನ ಬಿಡುಗಡೆಯ ಗುಳಗಿ ಕೇಳಿ ನೋಡಿ. ವರ್ಷಗಟ್ಟಲೆ ತೆಗೆದುಕೊಂಡವರು ಬಿ12 ಪರೀಕ್ಷಿಸಿಕೊಳ್ಳಿ, ಸಸ್ಯಾಹಾರಿಗಳಂತೂ ತಪ್ಪದೆ. ಇನೋಸಿಟಾಲ್ ಪುಡಿ ಈಗ ಎಲ್ಲರ ಕೈಯಲ್ಲಿದೆ, ಕೂಸು ಹುಟ್ಟಿಸುತ್ತದೆ ಎಂಬುದಕ್ಕೆ ಪುರಾವೆ ತೆಳು. ಹಣ ಕಡಿಮೆ ಇದ್ದರೆ ಅದನ್ನು ಸ್ಕ್ಯಾನಿಗೆ ಇಟ್ಟುಕೊಳ್ಳಿ.

ಅಂಡ ಬಿಟ್ಟೂ ಮೂರು ಚಕ್ರದಲ್ಲಿ ನಿಲ್ಲದಿದ್ದರೆ ಕೊಳವೆ ಪರೀಕ್ಷೆ (ಎಚ್‌ಎಸ್‌ಜಿ), ಮುಟ್ಟಿನ 6ರಿಂದ 10ನೇ ದಿನದೊಳಗೆ. ಹೆರಿಗೆಯ ನಂತರ ಸೋಂಕು, ಕ್ಷಯ, ಹೊಟ್ಟೆಯ ಆಪರೇಷನ್ ಆದವರಿಗೆ ಗುಳಗಿಗೂ ಮೊದಲೇ ಮಾಡಿಸುವುದು ಒಳ್ಳೆಯದು. ಒಟ್ಟು ಆರು ಚಕ್ರಕ್ಕಿಂತ ಹೆಚ್ಚು ಅದೇ ಗುಳಗಿ ನುಂಗುತ್ತಾ ಕೂರಬೇಡಿ.

ಅಲ್ಲಿಂದ ಮುಂದೆ ಹಾರ್ಮೋನ್ ಸೂಜಿ, ಲ್ಯಾಪರೋಸ್ಕೋಪಿಯಲ್ಲಿ ಅಂಡಾಶಯದ ಡ್ರಿಲ್ಲಿಂಗ್ (ಸಣ್ಣ ರಂಧ್ರ ಮಾಡುವುದು), ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶದಲ್ಲಿ ಇಡುವುದು). ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ಇವೆಲ್ಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಎರಡನೇ ಅಭಿಪ್ರಾಯಕ್ಕೆ ಇಲ್ಲಿನ ಸ್ತ್ರೀರೋಗ ವಿಭಾಗಕ್ಕೆ ಹೋಗಬಹುದು. ಐವಿಎಫ್ ಕೇಂದ್ರ ಯಾವುದೇ ಇರಲಿ, 2021ರ ಕಾಯ್ದೆಯಡಿ ನೋಂದಣಿ ಪತ್ರ ಕೇಳಿ ನೋಡಿ, ಒಂದೇ ಭ್ರೂಣ ಇಡಲು ಹೇಳಿ. ಸೂಜಿಗಳ ನಂತರ ಹೊಟ್ಟೆ ಉಬ್ಬಿ, ದಿನಕ್ಕೆ ಒಂದು ಕೆ.ಜಿ.ಯಂತೆ ತೂಕ ಏರಿ, ಮೂತ್ರ ಕಡಿಮೆಯಾಗಿ, ಉಸಿರು ಕಟ್ಟಿದರೆ ಬೆಳಗಾಗಲು ಕಾಯಬೇಡಿ. ಅಂಡಾಶಯ ಅತಿಯಾಗಿ ಕೆರಳಿದ ಲಕ್ಷಣವದು, ಪಿಸಿಒಎಸ್‌ನವರಿಗೇ ಹೆಚ್ಚು.

ಎರಡನೆಯದಾದರೂ ಗಂಡಾಗಲಿ ಎಂಬ ಒತ್ತಾಯ ಇದ್ದಲ್ಲಿ ಒಂದು ಮಾತು: ಗಂಡು ಕೂಸಿನ ಔಷಧ ಎಂದು ಕೊಡುವ ಬೇರು, ಪುಡಿಗಳಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಲಿಂಗ ಆರಿಸುವುದು, ಪತ್ತೆ ಮಾಡಿಸುವುದು 1994ರ ಕಾಯ್ದೆಯಡಿ ಅಪರಾಧ.

ಎರಡು ಗೆರೆ ಬಂದ ಮೇಲೆ

ಮುಟ್ಟು ಯಾವಾಗ ಬರಬೇಕಿತ್ತು ಎಂದೇ ಗೊತ್ತಿಲ್ಲದವರು ಕೊನೆಯ ಸಲ ಸೇರಿದ ಮೂರು ವಾರಕ್ಕೆ ಪರೀಕ್ಷಿಸಿಕೊಳ್ಳಿ. ಮುಟ್ಟಿನ ದಿನದಿಂದ ತಿಂಗಳು ಎಣಿಸಿದರೆ ನಿಮ್ಮ ಲೆಕ್ಕ ತಪ್ಪುತ್ತದೆ. ‘ಕೂಸು ಬೆಳೆದಿಲ್ಲ’ ಎಂದು ಗಾಬರಿಯಾಗುವ ಮೊದಲು ಅಂಡ ಬಿಟ್ಟ ದಿನ ಡಾಕ್ಟರಿಗೆ ಹೇಳಿ. ಆರರಿಂದ ಏಳು ವಾರದೊಳಗೆ ಮೊದಲ ಸ್ಕ್ಯಾನ್ ಆಗಲಿ. ಸಿಸೇರಿಯನ್ ಆದವರಲ್ಲಿ ಕೂಸು ಹಳೆಯ ಹೊಲಿಗೆಯ ಜಾಗದಲ್ಲೇ ಕೂತಿದೆಯೇ ಎಂದು ನೋಡುವುದು ಆಗಲೇ. ಒಂದು ಪಕ್ಕದ ಹೊಟ್ಟೆನೋವು, ತಲೆಸುತ್ತು, ರಕ್ತಸ್ರಾವ ಕಂಡರೆ 108ಕ್ಕೆ ಕರೆ ಮಾಡಿ. ಮೆಟ್ಫಾರ್ಮಿನ್ ಮುಂದುವರಿಸಬೇಕೋ ಬೇಡವೋ ಮೊದಲ ಭೇಟಿಯಲ್ಲೇ ಕೇಳಿ. ಗ್ಲೂಕೋಸ್ ಪರೀಕ್ಷೆ ಆ ಭೇಟಿಯಲ್ಲೇ ಒಮ್ಮೆ, 24ರಿಂದ 28 ವಾರದಲ್ಲಿ ಮತ್ತೊಮ್ಮೆ. ಮೊದಲ ಬಸಿರಿನಲ್ಲಿ ಬಿಪಿ ಏರಿದ್ದವರು 12 ವಾರಕ್ಕೆ ಸಣ್ಣ ಡೋಸಿನ ಆಸ್ಪಿರಿನ್ ಬೇಕೇ ಎಂದು ಕೇಳಲು ಮರೆಯಬೇಡಿ, ಅದನ್ನು ತಡವಾಗಿ ಶುರು ಮಾಡಿದರೆ ಉಪಯೋಗ ಕಡಿಮೆ.